ಬಿಎಯೋ, ಬಿವೋಕೋ? ಮುಂಬಯಿಯ ಕನ್ನಡ ಮನೆಗಳಿಗೊಂದು ಕೈಪಿಡಿ

ಮೇ ತಿಂಗಳಲ್ಲಿ ಹನ್ನೆರಡನೆಯ ತರಗತಿಯ ಫಲಿತಾಂಶ ಬರುತ್ತದೆ. ಬೆನ್ನಿಗೇ ಮುಂಬಯಿ ವಿಶ್ವವಿದ್ಯಾಲಯದ ಆನ್‌ಲೈನ್ ನೋಂದಣಿ, ಕಾಲೇಜುಗಳ ಅರ್ಜಿ, ಮೊದಲ ಮೆರಿಟ್ ಪಟ್ಟಿ, ಎರಡನೆಯದು, ಮೂರನೆಯದು. ಕೆಲವೇ ವಾರಗಳಲ್ಲಿ ಮೂರು ವರ್ಷದ ಓದು ತೀರ್ಮಾನವಾಗಿಬಿಡುತ್ತದೆ. ಆರ್ಟ್ಸ್ ಅಥವಾ ಕಾಮರ್ಸ್ ಓದಿದ ಮಕ್ಕಳಿರುವ ಮನೆಗಳಲ್ಲಿ ಆ ದಿನಗಳ ವಾದ ಹೆಚ್ಚುಕಡಿಮೆ ಒಂದೇ ತೆರನಾದದ್ದು. “ಬಿಎ ಮಾಡಿ ಮುಂದೇನು ಮಾಡ್ತೀ?” ಎಂದು ಅಪ್ಪ ಕೇಳುತ್ತಾರೆ. “ಬಿಎಂಎಸ್ ಮಾಡಿದವರೆಲ್ಲ ಏನು ಮಾಡ್ತಿದ್ದಾರೆ ಹೇಳಿ ನೋಡೋಣ” ಎಂದು ಮಗಳು ತಿರುಗಿ ಕೇಳುತ್ತಾಳೆ. ನಡುವೆ ಊರಿನಿಂದ ಮಾವನ ಫೋನು: “ಹೋಟೆಲ್ ಮ್ಯಾನೇಜ್‌ಮೆಂಟ್ ಹಾಕಿ, ಕೈ ಖಾಲಿ ಇರುವುದಿಲ್ಲ.”

ಮೂವರ ಮಾತಿನಲ್ಲೂ ಹುರುಳಿದೆ. ಆದರೆ ವಾದ ನಡೆಯುವುದು ಕೋರ್ಸಿನ ಹೆಸರಿನ ಮೇಲೆ, ನಿರ್ಧಾರವಾಗಬೇಕಾದದ್ದು ಬೇರೊಂದು ಲೆಕ್ಕದ ಮೇಲೆ. ಮುಂಬಯಿಯಂಥ ಊರಿನಲ್ಲಿ ಆ ಲೆಕ್ಕ ಹೀಗೆ: ಕಾಲೇಜಿನ ಹೊರಗೆ ಆರು ತಿಂಗಳಲ್ಲಿ ಕಲಿಯಬಹುದಾದ ವಿದ್ಯೆಗೆ ಮೂರು ವರ್ಷದ ಡಿಗ್ರಿಯನ್ನು ಖರ್ಚು ಮಾಡಬೇಡಿ. ಹೊರಗೆ ಎಲ್ಲೂ ಸಿಗದ ವಿದ್ಯೆಯನ್ನು ಕಾಲೇಜಿನಲ್ಲಿ ಕಲಿಯಿರಿ. ಉಳಿದದ್ದನ್ನು ಸ್ಟೇಷನ್ ಎದುರಿನ ಕ್ಲಾಸಿನಲ್ಲಿ, ಕಚೇರಿಯಲ್ಲಿ, ಅಂಗಡಿಯಲ್ಲಿ ಕಲಿಯಿರಿ. ಈ ಒಂದು ಮಾತನ್ನು ಕೈಯಲ್ಲಿಟ್ಟುಕೊಂಡು ಮುಂದಿನ ಪ್ರತಿ ಕೋರ್ಸನ್ನೂ ಅಳೆದು ನೋಡಬಹುದು.

ಯಾವ ಹೆಸರಿನಡಿ ಏನಿದೆ?

ಮುಂಬಯಿ ವಿಶ್ವವಿದ್ಯಾಲಯ 1857ರಲ್ಲಿ ಶುರುವಾದದ್ದು. ಇಂದು ಮುಂಬಯಿ, ಠಾಣೆ, ಪಾಲ್ಘರ್, ರಾಯಗಡ, ರತ್ನಾಗಿರಿ, ಸಿಂಧುದುರ್ಗದ ಕಾಲೇಜುಗಳು ಅದರಡಿ ಬರುತ್ತವೆ. ಮುಂಬಯಿಯಲ್ಲಿ ಹನ್ನೆರಡರ ನಂತರ ಸಿಗುವ ಡಿಗ್ರಿಗಳನ್ನು ನಮ್ಮ ಲೆಕ್ಕಕ್ಕೆ ಮೂರು ಗುಂಪು ಮಾಡಿಕೊಳ್ಳೋಣ.

ಮೊದಲನೆಯದು ಸಾಂಪ್ರದಾಯಿಕ ಬಿಎ. ಅರ್ಥಶಾಸ್ತ್ರ, ಮನಶ್ಶಾಸ್ತ್ರ, ರಾಜ್ಯಶಾಸ್ತ್ರ, ಇತಿಹಾಸ, ಸಮಾಜಶಾಸ್ತ್ರ, ಇಂಗ್ಲಿಷ್, ಮರಾಠಿ, ಹಿಂದಿ ಮುಂತಾದವು. ಹಳೆಯ ಕಾಲೇಜುಗಳಲ್ಲಿ ಇದು ಬಹುಮಟ್ಟಿಗೆ ಎಯ್ಡೆಡ್ ಕೋರ್ಸು, ಅಂದರೆ ಅಧ್ಯಾಪಕರ ಸಂಬಳ ಸರ್ಕಾರದ್ದು. ಹಾಗಾಗಿ ಫೀಸು ಕಡಿಮೆ.

ಎರಡನೆಯದು ಸೆಲ್ಫ್ ಫೈನಾನ್ಸ್ ಕೋರ್ಸುಗಳು: ಬಿಎಂಎಸ್ (ಮ್ಯಾನೇಜ್‌ಮೆಂಟ್ ಸ್ಟಡೀಸ್), ಅಕೌಂಟಿಂಗ್ ಆ್ಯಂಡ್ ಫೈನಾನ್ಸ್, ಬ್ಯಾಂಕಿಂಗ್ ಆ್ಯಂಡ್ ಇನ್ಶೂರೆನ್ಸ್, ಬಿಎಸ್ಸಿ ಐಟಿ, ಮಾಸ್ ಮೀಡಿಯಾ. ಇವುಗಳ ಇಡೀ ಖರ್ಚು ವಿದ್ಯಾರ್ಥಿಯ ಫೀಸಿನಿಂದಲೇ ಹೊರಡಬೇಕು. ಒಂದೇ ಕಟ್ಟಡದಲ್ಲಿ ಎಯ್ಡೆಡ್ ಬಿಎಗಿಂತ ಹಲವು ಪಟ್ಟು ಫೀಸಿರುವುದಕ್ಕೆ ಕಾರಣ ಇದೇ. ಹೆಚ್ಚು ಫೀಸು ಎಂದರೆ ಹೆಚ್ಚು ಒಳ್ಳೆಯ ಕೋರ್ಸು ಎಂದು ತಿಳಿಯುವ ಅಗತ್ಯವಿಲ್ಲ.

ಮೂರನೆಯದು ನಿಜಾರ್ಥದ ವೃತ್ತಿ ಪದವಿ. ಯುಜಿಸಿ 2014ರಲ್ಲಿ ಆರಂಭಿಸಿದ ಬಿವೋಕ್ ಇದರಲ್ಲಿ ಬರುತ್ತದೆ. ಅದರ ನಿಯಮದಂತೆ ಓದಿನ 60 ಭಾಗ ಕೌಶಲ, 40 ಭಾಗ ಸಾಮಾನ್ಯ ಶಿಕ್ಷಣ. ಒಂದು ವರ್ಷಕ್ಕೆ ಬಿಟ್ಟರೆ ಡಿಪ್ಲೊಮಾ, ಎರಡಕ್ಕೆ ಬಿಟ್ಟರೆ ಅಡ್ವಾನ್ಸ್ಡ್ ಡಿಪ್ಲೊಮಾ, ಮೂರಕ್ಕೆ ಪದವಿ. ಮುಂಬಯಿಯ ಸೇಂಟ್ ಝೇವಿಯರ್ಸ್‌ನಂಥ ಕಾಲೇಜು ಪ್ರವಾಸೋದ್ಯಮ ಮತ್ತು ಸಾಫ್ಟ್‌ವೇರ್ ಡೆವಲಪ್‌ಮೆಂಟಿನಲ್ಲಿ ಬಿವೋಕ್ ತೆರೆಯಿತು. ದಾದರಿನ ಹೋಟೆಲ್ ಮ್ಯಾನೇಜ್‌ಮೆಂಟ್ ಸಂಸ್ಥೆಯ ಪದವಿ, ಜೆ.ಜೆ. ಸ್ಕೂಲಿನ ಅಪ್ಲೈಡ್ ಆರ್ಟ್, ಆರ್ಕಿಟೆಕ್ಚರ್, ನರ್ಸಿಂಗ್, ಫಿಸಿಯೊಥೆರಪಿ ಕೂಡ ಇದೇ ಗುಂಪಿಗೆ ಸೇರಿದವು.

ಜನ ಸಾಮಾನ್ಯವಾಗಿ ಎರಡನೆಯ ಮತ್ತು ಮೂರನೆಯ ಗುಂಪನ್ನು ಒಟ್ಟಿಗೆ ‘ವೃತ್ತಿಪರ’ ಎಂದು ಕರೆದು ಬಿಎಗೆ ಎದುರು ನಿಲ್ಲಿಸುತ್ತಾರೆ. ತೊಡಕು ಶುರುವಾಗುವುದು ಅಲ್ಲೇ. ಅಡುಗೆಮನೆ, ಸ್ಟುಡಿಯೊ, ಆಸ್ಪತ್ರೆ ವಾರ್ಡಿನಲ್ಲಿ ಕಲಿಸುವ ಕೋರ್ಸೂ ತರಗತಿಯಲ್ಲಿ ಕುಳಿತು ಮ್ಯಾನೇಜ್‌ಮೆಂಟ್ ಓದುವ ಕೋರ್ಸೂ ಒಂದೇ ಜಾತಿಯವಲ್ಲ.

ಮೂರು ರಾಶಿ ಹಾಕಿ ನೋಡಿ

ಮಗ ಅಥವಾ ಮಗಳು ಮಾಡಬೇಕೆಂದಿರುವ ಕೆಲಸವನ್ನು ಕೋರ್ಸಿನ ಹೆಸರಿಲ್ಲದೆ ಒಂದು ಹಾಳೆಯಲ್ಲಿ ಬರೆಯಿರಿ. ಅದು ಕೆಳಗಿನ ಮೂರರಲ್ಲಿ ಯಾವ ರಾಶಿಗೆ ಬೀಳುತ್ತದೆ ನೋಡಿ.

ಮೊದಲ ರಾಶಿ, ಲೈಸೆನ್ಸ್ ಬೇಕಾದ ಕೆಲಸ. ಆರ್ಕಿಟೆಕ್ಟ್ ಆಗಲು ಆರ್ಕಿಟೆಕ್ಚರ್ ಕೌನ್ಸಿಲಿನ ನೋಂದಣಿ ಬೇಕು, ನರ್ಸಿಗೆ ನರ್ಸಿಂಗ್ ಕೌನ್ಸಿಲ್, ವಕೀಲರಿಗೆ ಬಾರ್ ಕೌನ್ಸಿಲ್. ಇಲ್ಲಿ ಇಂಥದೇ ಡಿಗ್ರಿ ಎಂದು ಕಾನೂನೇ ಹೇಳುತ್ತದೆ, ಆಯ್ಕೆಯ ಪ್ರಶ್ನೆಯೇ ಇಲ್ಲ. ಆದರೆ ಒಂದು ಗಮನಿಸಿ. ಆರ್ಕಿಟೆಕ್ಚರ್, ನರ್ಸಿಂಗಿಗೆ ಹನ್ನೆರಡರ ನಂತರವೇ ಸೇರಬೇಕು, ಅದೂ ವಿಜ್ಞಾನ ಅಥವಾ ಗಣಿತ ಓದಿರಬೇಕೆಂಬ ಷರತ್ತುಗಳಿರುತ್ತವೆ. ವಕೀಲಿಕೆ ಮತ್ತು ಶಿಕ್ಷಕ ವೃತ್ತಿಗೆ ಬಿಎ ನಂತರವೂ ಬಾಗಿಲು ತೆರೆದಿರುತ್ತದೆ. ಮೂರು ವರ್ಷದ ಎಲ್‌ಎಲ್‌ಬಿ, ಎರಡು ವರ್ಷದ ಬಿಎಡ್ ಇರುವುದೇ ಅದಕ್ಕೆ.

ಎರಡನೆಯ ರಾಶಿ, ಯಂತ್ರ, ಒಲೆ, ಲ್ಯಾಬು, ಸ್ಟುಡಿಯೊ ಬೇಕಾದ ಕೆಲಸ. ನೂರಾರು ಜನರ ಅಡುಗೆ ಸಂಭಾಳಿಸುವುದು, ಬೇಕರಿ, ಅಪ್ಲೈಡ್ ಆರ್ಟ್, ಟೆಕ್ಸ್‌ಟೈಲ್ ಡಿಸೈನ್, ಪ್ಲಾಸ್ಟಿಕ್ ತಂತ್ರಜ್ಞಾನ. ಇವು ಮನೆಯಲ್ಲಿ ಕೂತು ವಿಡಿಯೊ ನೋಡಿ ಬರುವಂಥವಲ್ಲ. ದುಬಾರಿ ಸಲಕರಣೆಯ ಮುಂದೆ, ತಿದ್ದುವ ಗುರುವಿನ ಕಣ್ಣೆದುರು, ಸಾವಿರ ಗಂಟೆ ಕೈ ಪಳಗಬೇಕು. ಇಲ್ಲಿ ವೃತ್ತಿ ಪದವಿಗೆ ಕೊಡುವ ಹಣ ಮತ್ತು ಕಾಲ ಸಾರ್ಥಕ.

ಮೂರನೆಯ ರಾಶಿ ದೊಡ್ಡದು: ಆಫೀಸಿನ ಕೆಲಸ. ಲೆಕ್ಕಪತ್ರ, ಜಾಹೀರಾತು, ಸೇಲ್ಸ್, ಎಚ್ಆರ್, ಡಿಜಿಟಲ್ ಮಾರ್ಕೆಟಿಂಗ್, ಇವೆಂಟ್, ವರದಿಗಾರಿಕೆ, ವಿಡಿಯೊ ಎಡಿಟಿಂಗ್. ಬೊರಿವಲಿ, ಠಾಣೆ, ಡೊಂಬಿವಲಿ, ಘಾಟ್ಕೋಪರ್ ಯಾವ ಸ್ಟೇಷನ್‌ನಿಂದ ಹೊರಬಂದರೂ ಟ್ಯಾಲಿ, ಜಿಎಸ್‌ಟಿ, ಎಕ್ಸೆಲ್, ಎಡಿಟಿಂಗ್ ಕಲಿಸುವ ಕ್ಲಾಸಿನ ಬೋರ್ಡು ಕಾಣುತ್ತದೆ. ಕೆಲವು ತಿಂಗಳಲ್ಲಿ ಕೈಗೆ ಬರುವ ಕೌಶಲಗಳು ಇವು. ಆದರೆ ಇದೇ ಕೆಲಸಗಳಲ್ಲಿ ಐದು ವರ್ಷದ ನಂತರ ಮೇಲಕ್ಕೆ ಹೋಗುವವರು ಸ್ಪಷ್ಟವಾಗಿ ಬರೆಯುವವರು, ಅಂಕಿಅಂಶ ಓದಬಲ್ಲವರು, ಗಿರಾಕಿ ಯಾಕೆ ಹಾಗೆ ನಡೆದುಕೊಂಡ ಎಂದು ಯೋಚಿಸಬಲ್ಲವರು. ಅದನ್ನು ಕಲಿಸುವ ಕ್ಲಾಸು ಯಾವ ಸ್ಟೇಷನ್ ಎದುರೂ ಇಲ್ಲ. ಮೂರು ವರ್ಷ ಓದಿ, ಬರೆದು, ತಿದ್ದಿಸಿಕೊಂಡೇ ಬರಬೇಕು. ಹಾಗಾಗಿ ಮೂರನೆಯ ರಾಶಿಯವರಿಗೆ ಒಳ್ಳೆಯ ಕಾಲೇಜಿನ ಬಿಎ, ಅದರಲ್ಲೂ ಅರ್ಥಶಾಸ್ತ್ರ ಅಥವಾ ಮನಶ್ಶಾಸ್ತ್ರ ಜೊತೆಗೆ ಸ್ವಲ್ಪ ಸ್ಟಾಟಿಸ್ಟಿಕ್ಸ್, ಸಾಧಾರಣ ಕಾಲೇಜಿನ ಸೆಲ್ಫ್ ಫೈನಾನ್ಸ್ ಕೋರ್ಸಿಗಿಂತ ಹೆಚ್ಚು ಬಾಳುತ್ತದೆ.

ಲೆಕ್ಕಪತ್ರದ ಮಟ್ಟಿಗೆ ಒಂದು ವಿನಾಯಿತಿ. ಸಿಎ ಮಾಡುವುದೇ ಗುರಿಯಾದರೆ ಬಿಕಾಂ ಅಥವಾ ಅಕೌಂಟಿಂಗ್ ಕೋರ್ಸು ಜೊತೆಜೊತೆಗೆ ಹೋಗುತ್ತದೆ, ಪಾಠಗಳು ಒಂದಕ್ಕೊಂದು ಆಸರೆಯಾಗುತ್ತವೆ. ಮುಂಬಯಿಯ ಬಹಳಷ್ಟು ಕಾಲೇಜುಗಳಲ್ಲಿ ಕಾಮರ್ಸ್ ತರಗತಿ ಮುಂಜಾನೆ ಏಳರ ಸುಮಾರಿಗೆ ಶುರುವಾಗಿ ಮಧ್ಯಾಹ್ನದೊಳಗೆ ಮುಗಿಯುತ್ತದೆ, ಉಳಿದ ಹೊತ್ತು ಕೆಲಸಕ್ಕೆ ಸಿಗುತ್ತದೆ.

ಬಿಎ ಆರಿಸುವವರು: ಎರಡನೆಯ ಮೆಟ್ಟಿಲಿಲ್ಲದೆ ಹತ್ತಬೇಡಿ

ಬಿಎಗಿರುವ ನಿಜವಾದ ಕೊರತೆಯನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಅದು ಬರಿಯ ಬಿಎ ಆಗಿ ನಿಂತುಬಿಟ್ಟರೆ ಸಂಬಳದ ಮಾತಿನಲ್ಲಿ ಸೊರಗುತ್ತದೆ. ಅದರ ಬಲವಿರುವುದು ಮುಂದಿನ ಮೆಟ್ಟಿಲಿನಲ್ಲಿ. ಮೊದಲ ವರ್ಷ ಸೇರುವಾಗಲೇ ಆ ಮೆಟ್ಟಿಲನ್ನು ಅಂದಾಜು ಮಾಡಿಕೊಂಡವರಿಗೆ ಅದು ಲಾಭ, ಕೊನೆಯ ಸೆಮಿಸ್ಟರಿನಲ್ಲಿ ಹುಡುಕುವವರಿಗೆ ನಷ್ಟ.

ಮುಂಬಯಿಯಲ್ಲೇ ಇರುವ ಕೆಲವು ಎರಡನೆಯ ಮೆಟ್ಟಿಲುಗಳು:

• ಕಾನೂನು. ಚರ್ಚ್‌ಗೇಟಿನ ಗವರ್ನಮೆಂಟ್ ಲಾ ಕಾಲೇಜು 1855ರದ್ದು. ನಮ್ಮವರೇ ನಡೆಸುವ ಚೆಂಬೂರು ಕರ್ನಾಟಕ ಸಂಘದ ಕಾನೂನು ಕಾಲೇಜೂ ಇದೆ. ರಾಜ್ಯದ ಸಿಇಟಿ ಬರೆಯಬೇಕು. ಸಾಮಾನ್ಯ ವರ್ಗದವರಿಗೆ ಪದವಿಯಲ್ಲಿ ಕನಿಷ್ಠ 45 ಶೇಕಡಾ ಬೇಕು.

• ಸಮಾಜಕಾರ್ಯ. ದೇವನಾರಿನ ಟಾಟಾ ಸಮಾಜ ವಿಜ್ಞಾನ ಸಂಸ್ಥೆ 1936ರಿಂದ ಈ ಕ್ಷೇತ್ರದಲ್ಲಿದೆ. ಎನ್‌ಜಿಒ, ಸಿಎಸ್‌ಆರ್, ಆಸ್ಪತ್ರೆ, ಎಚ್ಆರ್ ಕೆಲಸಗಳಿಗೆ ಇಲ್ಲಿಂದ ದಾರಿಗಳಿವೆ.

• ಮಾಧ್ಯಮ. ಸೋಫಿಯಾ ಪಾಲಿಟೆಕ್ನಿಕ್, ಝೇವಿಯರ್ ಇನ್‌ಸ್ಟಿಟ್ಯೂಟ್ ಆಫ್ ಕಮ್ಯುನಿಕೇಷನ್ಸ್ ಪದವಿಯ ನಂತರದ ಡಿಪ್ಲೊಮಾಗಳಿಗೆ ಹೆಸರಾದವು. ಮೂರು ವರ್ಷ ಇತಿಹಾಸವನ್ನೋ ಅರ್ಥಶಾಸ್ತ್ರವನ್ನೋ ಓದಿ, ಆಮೇಲೆ ಕ್ಯಾಮೆರಾ ಹಿಡಿಯುವುದನ್ನು ಕಲಿಯುವುದು ಒಳ್ಳೆಯ ಕ್ರಮ. ಬರೆಯಲು ವಿಷಯವೇ ಇಲ್ಲದೆ ಕ್ಯಾಮೆರಾ ಮಾತ್ರ ಬಂದರೆ ಕಷ್ಟ.

• ಮ್ಯಾನೇಜ್‌ಮೆಂಟ್. ಎಂಬಿಎ, ಎಂಎಂಎಸ್ ಪ್ರವೇಶಕ್ಕೆ ಯಾವ ಪದವಿಯಾದರೂ ನಡೆಯುತ್ತದೆ. ಮುಂಬಯಿ ವಿಶ್ವವಿದ್ಯಾಲಯದ್ದೇ ಆದ ಜಮ್ನಾಲಾಲ್ ಬಜಾಜ್ ಸಂಸ್ಥೆ 1965ರಿಂದ ಇದೆ. ಮುಂದೆ ಎಂಬಿಎ ಮಾಡುವುದು ಖಚಿತವಾಗಿದ್ದರೆ, ಅದೇ ವಿಷಯವನ್ನು ಪದವಿಯಲ್ಲೂ ಓದಿ ಎರಡು ಸಲ ಹಣ ಕಟ್ಟುವುದೇಕೆ ಎಂದು ಯೋಚಿಸಿ.

• ಸರ್ಕಾರಿ ಮತ್ತು ಬ್ಯಾಂಕ್ ಪರೀಕ್ಷೆಗಳು. ಯುಪಿಎಸ್‌ಸಿ, ಬ್ಯಾಂಕ್ ಪ್ರೊಬೇಷನರಿ ಆಫೀಸರ್ ಪರೀಕ್ಷೆಗಳಿಗೆ ಯಾವುದೇ ಪದವಿ ಸಾಕು. ಬಿಎಯಲ್ಲಿ ಓದುವ ಇತಿಹಾಸ, ರಾಜ್ಯಶಾಸ್ತ್ರ, ಅರ್ಥಶಾಸ್ತ್ರ ಯುಪಿಎಸ್‌ಸಿಯಲ್ಲಿ ನೇರವಾಗಿ ಕೈಹಿಡಿಯುತ್ತವೆ. ಕನ್ನಡ ಸಾಹಿತ್ಯವೂ ಅಲ್ಲಿ ಐಚ್ಛಿಕ ವಿಷಯ.

ಬ್ಯಾಂಕಿನ ಮಾತು ಬಂದಾಗ ಮುಂಬಯಿ ಕನ್ನಡಿಗರು ಮರೆಯಬಾರದ ಒಂದು ಅನುಕೂಲವಿದೆ. ಬ್ಯಾಂಕ್ ಕ್ಲರ್ಕ್ ಹುದ್ದೆಗೆ ಅರ್ಜಿ ಹಾಕುವುದು ಒಂದು ರಾಜ್ಯಕ್ಕೆ. ಆ ರಾಜ್ಯದ ಭಾಷೆಯನ್ನು ಓದಿ, ಬರೆದು, ಮಾತಾಡಲು ಬರಬೇಕು. ಮರಾಠಿ ಬಲ್ಲ ಮಗು ಮಹಾರಾಷ್ಟ್ರಕ್ಕೂ, ಕನ್ನಡ ಓದಲು ಬರೆಯಲು ಬಲ್ಲ ಮಗು ಕರ್ನಾಟಕಕ್ಕೂ ಪ್ರಯತ್ನಿಸಬಹುದು. ಮನೆಯಲ್ಲಿ ಮಾತಾಡಿದರಷ್ಟೇ ಸಾಲದು, ಅಕ್ಷರ ಬರಬೇಕು. ಕನ್ನಡದಲ್ಲೇ ಮುಂದುವರಿಯುವ ಆಸೆ ಇದ್ದರೆ ಕಾಲೀನಾದ ವಿದ್ಯಾನಗರಿಯಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗವಿದೆ. ಎಂಎ, ಪಿಎಚ್‌ಡಿ ಎರಡಕ್ಕೂ ಅಲ್ಲಿ ಅವಕಾಶವಿದೆ.

ಒಂದು ಎಚ್ಚರಿಕೆ ಮನಶ್ಶಾಸ್ತ್ರ ಆರಿಸುವವರಿಗೆ. ಬಿಎ ಮನಶ್ಶಾಸ್ತ್ರ ಮುಗಿಸಿದ ಮಾತ್ರಕ್ಕೆ ಚಿಕಿತ್ಸೆ ಕೊಡುವ ಹಕ್ಕು ಬರುವುದಿಲ್ಲ. ಕ್ಲಿನಿಕಲ್ ಸೈಕಾಲಜಿಸ್ಟ್ ಆಗಲು ಸ್ನಾತಕೋತ್ತರ ಓದು, ಆಮೇಲೆ ಭಾರತೀಯ ಪುನರ್ವಸತಿ ಪರಿಷತ್ತು ಮಾನ್ಯ ಮಾಡಿದ ತರಬೇತಿ ಮತ್ತು ಅಲ್ಲಿನ ನೋಂದಣಿ ಬೇಕು. ವರ್ಷಗಳ ಲೆಕ್ಕ ಹಾಕಿಯೇ ಹೊರಡಿ.

ವೃತ್ತಿ ಕೋರ್ಸ್ ಆರಿಸುವವರು: ಕಾಲೇಜಿಗೆ ಹೋಗಿ ಕೇಳಬೇಕಾದ ಪ್ರಶ್ನೆಗಳು

ಬ್ರೋಷರಿನಲ್ಲಿ ಬರೆದದ್ದನ್ನು ಪಕ್ಕಕ್ಕಿಟ್ಟು, ನೀವೇ ಹೋಗಿ ಕೇಳಿ.

ಡಿಗ್ರಿ ಕೊಡುವವರು ಯಾರು? ಯುಜಿಸಿ ಕಾಯ್ದೆಯಂತೆ ಪದವಿ ಕೊಡುವ ಹಕ್ಕು ವಿಶ್ವವಿದ್ಯಾಲಯಕ್ಕೆ ಅಥವಾ ಸಂಸತ್ತು ಆ ಅಧಿಕಾರ ಕೊಟ್ಟ ಸಂಸ್ಥೆಗೆ ಮಾತ್ರ. ಅಂಧೇರಿಯ ಮಾಲ್ ಒಂದರ ಮೇಲಿನ ಮಹಡಿಯಲ್ಲಿ ನಡೆಯುವ ಇನ್‌ಸ್ಟಿಟ್ಯೂಟು ಇನ್ನಾವುದೋ ರಾಜ್ಯದ ಖಾಸಗಿ ವಿಶ್ವವಿದ್ಯಾಲಯದ ಹೆಸರು ಹೇಳಿದರೆ ಅಲ್ಲೇ ನಿಲ್ಲಿ. ಖಾಸಗಿ ವಿಶ್ವವಿದ್ಯಾಲಯಗಳು ತಮ್ಮ ರಾಜ್ಯದ ಆಚೆ ಹೀಗೆ ಫ್ರಾಂಚೈಸಿ ಕೊಟ್ಟು ಡಿಗ್ರಿ ನಡೆಸುವಂತಿಲ್ಲ. ಯುಜಿಸಿ ವೆಬ್‌ಸೈಟಿನಲ್ಲಿ ಮಾನ್ಯ ವಿಶ್ವವಿದ್ಯಾಲಯಗಳ ಪಟ್ಟಿಯೂ ನಕಲಿಗಳ ಪಟ್ಟಿಯೂ ಇದೆ, ಐದು ನಿಮಿಷದ ಕೆಲಸ.

ಕೈಕೆಲಸ ಎಷ್ಟು ಗಂಟೆ? ವೇಳಾಪಟ್ಟಿ ತೋರಿಸಿ ಅನ್ನಿ. ವಾರದಲ್ಲಿ ಎಷ್ಟು ಹೊತ್ತು ಲ್ಯಾಬು, ಅಡುಗೆಮನೆ ಅಥವಾ ಸ್ಟುಡಿಯೊ, ಒಂದು ಯಂತ್ರಕ್ಕೆ ಎಷ್ಟು ವಿದ್ಯಾರ್ಥಿಗಳು ಎಂದು ಎಣಿಸಿ. ಬಿವೋಕ್ ಎಂದು ಹೆಸರಿಟ್ಟು ಪೂರ್ತಿ ಪಿಪಿಟಿ ಪಾಠವಾದರೆ ಅದು ದುಬಾರಿ ಬಿಎ ಅಷ್ಟೇ.

ಇಂಟರ್ನ್‌ಶಿಪ್ ಎಲ್ಲಿ, ಎಷ್ಟು ವಾರ, ಸ್ಟೈಪೆಂಡ್ ಇದೆಯೇ? ಕಾಲೇಜೇ ಕಳುಹಿಸುತ್ತದೆಯೋ, ಮಗುವೇ ಹುಡುಕಿಕೊಳ್ಳಬೇಕೋ? ಅಪ್ರೆಂಟಿಸ್‌ಶಿಪ್ ಸೇರಿದ ಪದವಿಗಳಿಗೂ ಯುಜಿಸಿ ಮಾರ್ಗಸೂಚಿ ಕೊಟ್ಟಿದೆ. ಅಂಥ ಕೋರ್ಸಿದ್ದರೆ ಒಪ್ಪಂದ ಯಾವ ಕಂಪನಿಯ ಜೊತೆ ಎಂದು ಕಾಗದದಲ್ಲಿ ತೋರಿಸಲಿ.

ಹಿಂದಿನ ಮೂರು ಬ್ಯಾಚಿನವರು ಈಗ ಎಲ್ಲಿದ್ದಾರೆ? ಪ್ಲೇಸ್‌ಮೆಂಟ್ ಪೋಸ್ಟರಿನ ಮೇಲಿನ ನಾಲ್ಕು ಮುಖ ಬೇಡ. ಕ್ಯಾಂಟೀನಿಗೆ ಹೋಗಿ ಮೂರನೆಯ ವರ್ಷದ ಇಬ್ಬರನ್ನು ಮಾತಾಡಿಸಿ.

ಈ ಡಿಗ್ರಿಯಿಂದ ಮುಂದೆ ಎಲ್ಲಿಗೆಲ್ಲ ಹೋಗಬಹುದು? ‘ಯಾವುದೇ ಪದವಿ’ ಎಂದು ಕೇಳುವ ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಬಿವೋಕ್ ನಡೆಯುತ್ತದೆ ಎಂದು ಯುಜಿಸಿ ಸ್ಪಷ್ಟಪಡಿಸಿದೆ. ಆದರೆ ಎಂಎ, ಎಂಕಾಂಗೆ ಸೇರಿಸಿಕೊಳ್ಳುವಾಗ ಪ್ರತಿ ವಿಭಾಗಕ್ಕೂ ತನ್ನದೇ ಷರತ್ತು ಇರಬಹುದು. ಮನಸ್ಸು ಬದಲಾದರೆ ಹಿಂತಿರುಗುವ ದಾರಿಯನ್ನು ಸೇರುವ ಮೊದಲೇ ತಿಳಿದಿಟ್ಟುಕೊಳ್ಳಿ.

ಬಿಎಂಎಸ್ ಬಗ್ಗೆ ಒಂದು ಹೊಸ ವಿಷಯ. 2024-25ರಿಂದ ಬಿಬಿಎ, ಬಿಎಂಎಸ್, ಬಿಸಿಎ ಕೋರ್ಸುಗಳು ಎಐಸಿಟಿಇ ವ್ಯಾಪ್ತಿಗೆ ಬಂದವು, ಮಹಾರಾಷ್ಟ್ರದಲ್ಲಿ ಅವಕ್ಕೆ ಪ್ರತ್ಯೇಕ ಸಿಇಟಿ ಶುರುವಾಯಿತು. ಕೆಲವು ಕಾಲೇಜುಗಳು ಅದೇ ಪಾಠವನ್ನು ಬಿಕಾಂ ಮ್ಯಾನೇಜ್‌ಮೆಂಟ್ ಸ್ಟಡೀಸ್ ಎಂದು ಹೆಸರು ಬದಲಿಸಿ, ಸಿಇಟಿ ಇಲ್ಲದೆ ಹನ್ನೆರಡರ ಅಂಕದ ಮೇಲೆ ಸೇರಿಸಿಕೊಳ್ಳುತ್ತಿವೆ. ನೀವು ನೋಡುತ್ತಿರುವುದು ಯಾವುದು ಎಂದು ಮೊದಲು ಕೇಳಿ. ಸಿಇಟಿ ಬೇಕಾದ ಕೋರ್ಸಾಗಿದ್ದು ಮಗು ಪರೀಕ್ಷೆ ಬರೆದಿರದಿದ್ದರೆ ಎಷ್ಟು ಅಂಕವಿದ್ದರೂ ಉಪಯೋಗವಿಲ್ಲ.

ಹೋಟೆಲಿನ ಮನೆಯ ಮಕ್ಕಳು

ಮುಂಬಯಿ ಕನ್ನಡಿಗರ ಬದುಕಿನಲ್ಲಿ ಹೋಟೆಲಿನ ಪಾತ್ರ ಹೇಳಬೇಕಾಗಿಲ್ಲ. ಮಾಟುಂಗಾದ ಎ. ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ 1942ರದ್ದು. ಆ ಪೀಳಿಗೆಯಲ್ಲಿ ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಓದಿದವರು ಎಷ್ಟೋ ಮಂದಿ. ಈಗ ಅವರ ಮಕ್ಕಳು, ಮೊಮ್ಮಕ್ಕಳ ಕಾಲ. ಅಪ್ಪನ ಹೋಟೆಲಿದೆ, ಹಾಗಾದರೆ ಹೋಟೆಲ್ ಮ್ಯಾನೇಜ್‌ಮೆಂಟ್ ಮಾಡಿಸಬೇಕೇ?

ಮೇಲಿನ ಲೆಕ್ಕವನ್ನೇ ಇಲ್ಲಿಗೂ ಹಚ್ಚಿ ನೋಡಿ. ಇಡ್ಲಿ ಹಿಟ್ಟಿನ ಹದ, ಮುಂಜಾನೆಯ ಮಾರ್ಕೆಟ್ಟು, ಗಲ್ಲಾಪೆಟ್ಟಿಗೆ, ಕೆಲಸದವರನ್ನು ಉಳಿಸಿಕೊಳ್ಳುವ ಕಲೆ ಇವೆಲ್ಲ ಮನೆಯ ಹೋಟೆಲಿನಲ್ಲೇ ಸಿಗುತ್ತವೆ, ಅದಕ್ಕೆ ಫೀಸಿಲ್ಲ. ಮಗ ಅದೇ ಹೋಟೆಲನ್ನು ನಡೆಸಲಿದ್ದರೆ ಅವನಿಗೆ ಅಲ್ಲಿ ಸಿಗದೆ ಇರುವುದು ಲೆಕ್ಕಪತ್ರ, ಬಾಡಿಗೆ ಕರಾರು, ಕಾರ್ಮಿಕ ಕಾನೂನು, ತೆರಿಗೆ, ಬ್ಯಾಂಕಿನ ಭಾಷೆ. ಬಿಕಾಂ ಅಥವಾ ಅರ್ಥಶಾಸ್ತ್ರ, ಮೇಲೆ ಎಲ್‌ಎಲ್‌ಬಿ, ಅವನಿಗೆ ಹೆಚ್ಚು ಕೆಲಸಕ್ಕೆ ಬರಬಹುದು.

ಆದರೆ ಮಗಳಿಗೆ ಸ್ಟಾರ್ ಹೋಟೆಲಿನ ಅಡುಗೆಮನೆ, ಬೇಕರಿ, ಕ್ರೂಸ್ ಹಡಗು, ವಿಮಾನದ ಕೇಟರಿಂಗ್ ಕಡೆ ಒಲವಿದ್ದರೆ ಉಡುಪಿ ಹೋಟೆಲಿನಲ್ಲಿ ಅದು ಸಿಗುವುದಿಲ್ಲ. ಆಗ ದಾದರ್ ಕೇಟರಿಂಗ್ ಕಾಲೇಜೆಂದೇ ಜನ ಕರೆಯುವ, 1954ರಲ್ಲಿ ಆರಂಭವಾದ ಸರ್ಕಾರಿ ಹೋಟೆಲ್ ಮ್ಯಾನೇಜ್‌ಮೆಂಟ್ ಸಂಸ್ಥೆಗೆ ಎನ್‌ಸಿಎಚ್‌ಎಂ ಜೆಇಇ ಬರೆಯಲಿ. ಕುರ್ಲಾದ ಬಂಟರ ಸಂಘದ ಉನ್ನತ ಶಿಕ್ಷಣ ಸಂಕೀರ್ಣದಲ್ಲೂ ಹಾಸ್ಪಿಟಾಲಿಟಿ ಓದಿನ ಕಾಲೇಜಿದೆ. ಕಾಮರ್ಸ್, ಬಿಎಂಎಸ್ ಕಾಲೇಜುಗಳೂ ಅದೇ ಆವರಣದಲ್ಲಿವೆ. ಡೊಂಬಿವಲಿ ಕಡೆಯವರಿಗೆ ಅಲ್ಲಿನ ಕರ್ನಾಟಕ ಸಂಘದ ಮಂಜುನಾಥ ಕಾಮರ್ಸ್ ಕಾಲೇಜು ಹತ್ತಿರ.

ಎರಡೂ ಬೇಕೆನ್ನುವವರಿಗೆ ಈಗಿನ ಅನುಕೂಲ

ಹೊಸ ಶಿಕ್ಷಣ ನೀತಿ ಮಹಾರಾಷ್ಟ್ರದ ಸ್ವಾಯತ್ತ ಕಾಲೇಜುಗಳಲ್ಲಿ 2023-24ರಿಂದ, ಉಳಿದ ಕಾಲೇಜುಗಳಲ್ಲಿ 2024-25ರಿಂದ ಜಾರಿಯಾಗಿದೆ. ಇದರಿಂದ ಬಿಎ ಮತ್ತು ವೃತ್ತಿ ಪದವಿಗಳ ನಡುವಿನ ಗೋಡೆ ಸ್ವಲ್ಪ ತಗ್ಗಿದೆ. ಮೇಜರ್ ವಿಷಯದ ಜೊತೆಗೆ ಮೈನರ್, ಬೇರೆ ವಿಭಾಗದಿಂದ ಓಪನ್ ಇಲೆಕ್ಟಿವ್, ಕೌಶಲದ ಪಾಠಗಳು, ಫೀಲ್ಡ್ ಪ್ರಾಜೆಕ್ಟು, ಆನ್ ದ ಜಾಬ್ ಟ್ರೇನಿಂಗ್ ಎಲ್ಲವೂ ಈಗ ಬಿಎ ಒಳಗೇ ಬಂದಿವೆ. ಮೂರು ವರ್ಷಕ್ಕೆ ಪದವಿ, ನಾಲ್ಕಕ್ಕೆ ಆನರ್ಸ್. ಕ್ರೆಡಿಟ್‌ಗಳು ಅಕಾಡೆಮಿಕ್ ಬ್ಯಾಂಕಿನಲ್ಲಿ ಜಮೆಯಾಗಿರುತ್ತವೆ.

ಆದರೆ ಕಾಗದದ ಮೇಲಿನ ಆಯ್ಕೆಗಳೆಲ್ಲ ಎಲ್ಲ ಕಾಲೇಜಿನಲ್ಲೂ ಸಿಗುವುದಿಲ್ಲ. ಅರ್ಥಶಾಸ್ತ್ರಕ್ಕೆ ಸ್ಟಾಟಿಸ್ಟಿಕ್ಸ್ ಮೈನರ್ ಬೇಕೆಂದರೆ ಆ ಕಾಲೇಜಿನಲ್ಲಿ ಸ್ಟಾಟಿಸ್ಟಿಕ್ಸ್ ಅಧ್ಯಾಪಕರಿರಬೇಕು. ಆದ್ದರಿಂದ ಬಿಎಗೆ ಸೇರುವಾಗ ಕೇಳಬೇಕಾದದ್ದು ಮೂರು: ಈ ವರ್ಷ ನಿಜವಾಗಿ ನಡೆಯುತ್ತಿರುವ ಮೈನರ್ ಯಾವುವು, ಮೇಜರ್ ವಿಭಾಗದಲ್ಲಿ ಕಾಯಂ ಅಧ್ಯಾಪಕರು ಎಷ್ಟು ಮಂದಿ, ಟ್ರೇನಿಂಗಿಗೆ ಕಾಲೇಜು ಎಲ್ಲಿಗೆ ಕಳುಹಿಸುತ್ತದೆ.

ಕೆಲಸ ಮಾಡುತ್ತಲೇ ಓದಬೇಕಾದವರಿಗೂ ದಾರಿಯಿದೆ. ಮುಂಬಯಿ ವಿಶ್ವವಿದ್ಯಾಲಯದ ದೂರಶಿಕ್ಷಣ ಕೇಂದ್ರ 1971ರಿಂದ ನಡೆಯುತ್ತಿದೆ. ನಾಸಿಕದ ಯಶವಂತರಾವ್ ಚವಾಣ್ ಮುಕ್ತ ವಿಶ್ವವಿದ್ಯಾಲಯ, ಇಗ್ನೊ ಕೂಡ ಇವೆ. ಐಟಿಐ ಅಥವಾ ಡಿಪ್ಲೊಮಾ ಮುಗಿಸಿ ಕೆಲಸಕ್ಕೆ ಸೇರಿ, ಜೊತೆಗೆ ದೂರಶಿಕ್ಷಣದಲ್ಲಿ ಬಿಎ ಮಾಡುವುದು ಹಳೆಯ ರಾತ್ರಿಶಾಲೆಯ ಪರಂಪರೆಗೇ ಸೇರಿದ ಮಾರ್ಗ. ಅರ್ಜಿ ಹಾಕುವ ಮೊದಲು ಆ ವರ್ಷ ಆ ಕೋರ್ಸಿಗೆ ಯುಜಿಸಿಯ ದೂರಶಿಕ್ಷಣ ಬ್ಯೂರೋ ಅನುಮತಿ ಇದೆಯೇ ಎಂದು ನೋಡಿ.

ಸಾಹಿತ್ಯದ ಒಲವಿರುವ ಮಗು ಎಂಜಿನಿಯರಿಂಗೋ ರಸಾಯನಶಾಸ್ತ್ರವೋ ಓದಿದರೆ ಬರವಣಿಗೆ ಸತ್ತುಹೋಗುತ್ತದೆ ಎಂಬ ಅಂಜಿಕೆಗೆ ಈ ಊರಿನಲ್ಲೇ ಉತ್ತರವಿದೆ. ಕಾದಂಬರಿಕಾರ ಯಶವಂತ ಚಿತ್ತಾಲರು ಮಾಟುಂಗಾದ ಯುಡಿಸಿಟಿಯಲ್ಲಿ, ಅಂದರೆ ಇಂದಿನ ಐಸಿಟಿಯಲ್ಲಿ, ಪ್ಲಾಸ್ಟಿಕ್ ತಂತ್ರಜ್ಞಾನ ಓದಿ ಆ ಉದ್ಯಮದಲ್ಲೇ ದುಡಿದವರು. ಅವರ 1979ರ ‘ಶಿಕಾರಿ’ ಕಾದಂಬರಿ ಹುಟ್ಟಿದ್ದು ಆ ಕಾರ್ಪೊರೇಟ್ ಜಗತ್ತಿನ ಒಳಗಿನ ಅನುಭವದಿಂದಲೇ. ಕಥೆಗಾರ ಜಯಂತ ಕಾಯ್ಕಿಣಿ ಜೀವರಸಾಯನಶಾಸ್ತ್ರದ ಎಂಎಸ್ಸಿ ಮುಗಿಸಿ ಮುಂಬಯಿಯ ಔಷಧ ಕಂಪನಿಯಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದವರು. ಅವರ ಮುಂಬಯಿ ಕಥೆಗಳ ಇಂಗ್ಲಿಷ್ ಅನುವಾದಕ್ಕೆ 2018ರ ಡಿಎಸ್‌ಸಿ ಪ್ರಶಸ್ತಿ ಬಂತು. ಲ್ಯಾಬು ಮನೆಯಲ್ಲಿ ಕಟ್ಟಲಾಗದು, ಓದು ಬರಹವನ್ನು ಲೋಕಲ್ ಗಾಡಿಯಲ್ಲೂ ಮುಂದುವರಿಸಬಹುದು ಎಂಬುದಕ್ಕೆ ಇಬ್ಬರೂ ಸಾಕ್ಷಿ. ಹಾಗೆಂದು ಗಣಿತ ಕಂಡರೆ ಬೆವರುವ ಮಗುವನ್ನು ತಂತ್ರಜ್ಞಾನಕ್ಕೆ ತಳ್ಳಲು ಈ ಉದಾಹರಣೆ ಬಳಸಬೇಡಿ. ಇಬ್ಬರಿಗೂ ವಿಜ್ಞಾನದಲ್ಲಿ ಗತಿಯಿತ್ತು.

ಕಾಗದಪತ್ರ: ಮುಂಬಯಿ ಕನ್ನಡಿಗರು ಎಡವುವ ಜಾಗ

ಡೊಮಿಸೈಲ್. ರಾಜ್ಯದ ಸಿಇಟಿ ಮೂಲಕ ಸೀಟು ಹಂಚುವ ಕೋರ್ಸುಗಳಲ್ಲಿ ಹತ್ತು ಮತ್ತು ಹನ್ನೆರಡನ್ನು ಎಲ್ಲಿ ಓದಿದಿರಿ, ಮಹಾರಾಷ್ಟ್ರದ ನಿವಾಸಿ ಪತ್ರವಿದೆಯೇ ಎಂಬುದನ್ನು ನೋಡುತ್ತಾರೆ. ಮಗು ಉಡುಪಿಯಲ್ಲೋ ಕಾಸರಗೋಡಿನಲ್ಲೋ ಅಜ್ಜಿಮನೆಯಲ್ಲಿದ್ದು ಹತ್ತನೆಯ ತರಗತಿ ಮುಗಿಸಿ ಬಂದಿದ್ದರೆ ನಿಯಮಪುಸ್ತಕವನ್ನು ಮೊದಲೇ ಓದಿ.

ಜಾತಿ ಪ್ರಮಾಣಪತ್ರ. ಊರಿನ ತಹಶೀಲ್ದಾರರು ಕೊಟ್ಟ ಪತ್ರ ಮಹಾರಾಷ್ಟ್ರದ ಮೀಸಲಾತಿಗೆ ನಡೆಯುವುದಿಲ್ಲ. ಒಂದು ರಾಜ್ಯದ ಮೀಸಲಾತಿ ಇನ್ನೊಂದು ರಾಜ್ಯಕ್ಕೆ ವಲಸೆ ಹೋದವರ ಜೊತೆ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 1990ರಲ್ಲೇ ಹೇಳಿದೆ. ಕುಟುಂಬ ಇಲ್ಲಿ ನೆಲೆಸಿದ್ದಕ್ಕೆ ಹಳೆಯ ದಾಖಲೆ ಬೇಕು. ಪರಿಶಿಷ್ಟ ಜಾತಿಗೆ 1950ರ ಆಗಸ್ಟ್ 10, ಒಬಿಸಿಗೆ 1967ರ ಅಕ್ಟೋಬರ್ 13 ಆಧಾರ ದಿನಾಂಕ. ಅಜ್ಜನ ಶಾಲಾ ದಾಖಲೆ, ಬಾಡಿಗೆ ರಸೀದಿ, ಮಿಲ್ಲಿನ ಕಾಗದಗಳನ್ನು ಹುಡುಕಿ ತೆಗೆಯಿರಿ. ಪ್ರಮಾಣಪತ್ರದ ನಂತರ ಅದರ ವ್ಯಾಲಿಡಿಟಿಗೂ ತಿಂಗಳುಗಳು ಹಿಡಿಯುತ್ತವೆ, ಹನ್ನೊಂದನೆಯಲ್ಲೇ ಶುರುಮಾಡಿ.

ಅಲ್ಪಸಂಖ್ಯಾತ ಸೀಟು. ಮೀಠೀಬಾಯಿಯಲ್ಲಿ ಗುಜರಾತಿ, ಜೈಹಿಂದ್‌ನಲ್ಲಿ ಸಿಂಧಿ ಭಾಷಿಕರಿಗೆ ಪ್ರತ್ಯೇಕ ಸೀಟುಗಳಿವೆ. ಸಾಮಾನ್ಯ ಪಟ್ಟಿಯಲ್ಲಿ ಸೀಟು ಕಡಿಮೆ ಉಳಿದು ಕಟ್ ಆಫ್ ಏರುವುದಕ್ಕೆ ಅದೂ ಒಂದು ಕಾರಣ. ಅದೇ ರೀತಿ ಕನ್ನಡಿಗರ, ತುಳುವರ ಸಂಸ್ಥೆಗಳು ನಡೆಸುವ ಕಾಲೇಜುಗಳಲ್ಲಿ ಭಾಷಾ ಅಲ್ಪಸಂಖ್ಯಾತ ಕೋಟಾ ಇದೆಯೇ, ಮಾತೃಭಾಷೆಗೆ ಏನು ಪುರಾವೆ ಬೇಕು ಎಂದು ಕಚೇರಿಯಲ್ಲಿ ಕೇಳಿ.

ಹೆಣ್ಣುಮಕ್ಕಳ ಫೀಸು. 2024ರ ಜುಲೈನಲ್ಲಿ ಮಹಾರಾಷ್ಟ್ರ ಸರ್ಕಾರ ಹೊರಡಿಸಿದ ಆದೇಶದಂತೆ, ಸರ್ಕಾರದ ಕೇಂದ್ರೀಕೃತ ಪ್ರವೇಶದ ಮೂಲಕ ವೃತ್ತಿಪರ ಕೋರ್ಸಿಗೆ ಸೇರುವ ಇಡಬ್ಲ್ಯೂಎಸ್, ಎಸ್‌ಇಬಿಸಿ, ಒಬಿಸಿ ಹುಡುಗಿಯರಿಗೆ, ಕುಟುಂಬದ ವಾರ್ಷಿಕ ಆದಾಯ 8 ಲಕ್ಷ ರೂಪಾಯಿಯೊಳಗಿದ್ದರೆ, ಬೋಧನಾ ಶುಲ್ಕ ಮತ್ತು ಪರೀಕ್ಷಾ ಶುಲ್ಕ ಪೂರ್ತಿ ಮಾಫಿ. ಮ್ಯಾನೇಜ್‌ಮೆಂಟ್ ಕೋಟಾದಲ್ಲಿ ಸೇರಿದವರಿಗೆ ಇದಿಲ್ಲ. ನಿಮ್ಮ ಕೋರ್ಸು ಆ ಪಟ್ಟಿಯಲ್ಲಿದ್ದರೆ ಬಿಎ ಅಗ್ಗ, ವೃತ್ತಿಪರ ದುಬಾರಿ ಎಂಬ ಲೆಕ್ಕ ತಲೆಕೆಳಗಾಗಬಹುದು.

ಸಂಘಗಳ ನೆರವು. ಬಂಟರ ಸಂಘ, ಬಿಲ್ಲವರ ಅಸೋಸಿಯೇಶನ್, ಮೊಗವೀರ ವ್ಯವಸ್ಥಾಪಕ ಮಂಡಳಿಯಂಥ ಸಂಸ್ಥೆಗಳು ವಿದ್ಯಾರ್ಥಿಗಳಿಗೆ ಶೈಕ್ಷಣಿಕ ನೆರವು ಕೊಡುತ್ತ ಬಂದಿವೆ. ಅರ್ಜಿಯ ದಿನಾಂಕವನ್ನು ನಿಮ್ಮ ಉಪನಗರದ ಸ್ಥಳೀಯ ಸಮಿತಿಯಲ್ಲಿ ವಿಚಾರಿಸಿ.

ವರ್ಷದ ಕ್ಯಾಲೆಂಡರು

ಮೇ ತಿಂಗಳಲ್ಲಿ ಯೋಚಿಸಲು ಕೂತರೆ ಅರ್ಧ ಆಯ್ಕೆಗಳು ಆಗಲೇ ಕೈತಪ್ಪಿರುತ್ತವೆ. ಹೋಟೆಲ್ ಮ್ಯಾನೇಜ್‌ಮೆಂಟ್, ಆರ್ಕಿಟೆಕ್ಚರ್, ಅಪ್ಲೈಡ್ ಆರ್ಟ್, ಐದು ವರ್ಷದ ಕಾನೂನು, ಬಿಬಿಎ–ಬಿಎಂಎಸ್ ಸಿಇಟಿ, ಸಿಯುಇಟಿ ಇವೆಲ್ಲದರ ನೋಂದಣಿ ಹನ್ನೆರಡರ ಫಲಿತಾಂಶಕ್ಕೆ ಮೊದಲೇ ಶುರುವಾಗುತ್ತದೆ.

ದೀಪಾವಳಿ ರಜೆಯಲ್ಲಿ ಮೂರು ರಾಶಿಯ ಹಾಳೆ ಬರೆಯಿರಿ. ಡಿಸೆಂಬರ್, ಜನವರಿಯಲ್ಲಿ ಪ್ರವೇಶ ಪರೀಕ್ಷೆಗಳ ಪ್ರಕಟಣೆ ನೋಡಿ, ಬೇಕಾದ ಒಂದೆರಡಕ್ಕೆ ಮಾತ್ರ ಹಣ ಕಟ್ಟಿ. ಬೋರ್ಡ್ ಪರೀಕ್ಷೆ ಮುಗಿದ ಮೇಲೆ, ಫಲಿತಾಂಶದ ಮೊದಲು, ಮೂರು ಕಾಲೇಜುಗಳಿಗೆ ಖುದ್ದಾಗಿ ಹೋಗಿಬನ್ನಿ. ಹೋಗುವಾಗ ತರಗತಿಯ ಹೊತ್ತಿಗೆ ಸರಿಯಾಗಿ, ಮನೆಯ ಸ್ಟೇಷನ್‌ನಿಂದ ಗಾಡಿಯಲ್ಲೇ ಹೋಗಿ. ಬದ್ಲಾಪುರದಿಂದ ಚರ್ಚ್‌ಗೇಟಿಗೆ ಮುಂಜಾನೆ ಏಳರ ತರಗತಿಗೆ ಮೂರು ವರ್ಷ ಹೋಗಲಾದೀತೇ ಎಂಬುದು ಒಂದೇ ದಿನದಲ್ಲಿ ತಿಳಿಯುತ್ತದೆ. ವಿಶ್ವವಿದ್ಯಾಲಯ 75 ಶೇಕಡಾ ಹಾಜರಿ ಕೇಳುತ್ತದೆ. ದೂರದ ಹೆಸರಾಂತ ಕಾಲೇಜಿಗಿಂತ ಮುಲುಂಡ್, ಠಾಣೆಯ ಒಳ್ಳೆಯ ಕಾಲೇಜು, ಉಳಿದ ಎರಡು ತಾಸಿನಲ್ಲಿ ಒಂದು ಕೌಶಲ, ಇದು ಎಷ್ಟೋ ಮಕ್ಕಳಿಗೆ ಜಾಣತನದ ಆಯ್ಕೆ.

ಸೇರಿದ ಮೇಲೆ ತಪ್ಪಾಯಿತು ಎನಿಸಿದರೆ ಗಾಬರಿ ಬೇಡ. ಫೀಸು ಹಿಂತಿರುಗಿಸುವ ಬಗ್ಗೆ ಯುಜಿಸಿ ನಿಯಮ ಮಾಡಿದೆ. 2024-25ರಲ್ಲಿ ಸೆಪ್ಟೆಂಬರ್ 30ರೊಳಗೆ ಬಿಟ್ಟವರಿಗೆ ಪೂರ್ತಿ ಹಣ ಮರಳಿಸಬೇಕು ಎಂದಿತ್ತು. ನಿಮ್ಮ ವರ್ಷದ ದಿನಾಂಕ ನೋಡಿಕೊಳ್ಳಿ. ಮೂಲ ಅಂಕಪಟ್ಟಿಯನ್ನು ಕಾಲೇಜು ತನ್ನ ಬಳಿ ಇಟ್ಟುಕೊಳ್ಳುವಂತಿಲ್ಲ.

ಮನೆಯಲ್ಲಿ ಕೇಳಬೇಕಾದ ಎರಡು ಪ್ರಶ್ನೆ

“ಇದನ್ನು ಓದಿದರೆ ಏನು ಕೆಲಸ ಸಿಗುತ್ತದೆ?” ಎಂಬ ಪ್ರಶ್ನೆಗೆ ಹದಿನೇಳರ ಹುಡುಗ ಹುಡುಗಿಯರು ಉತ್ತರ ಕೊಡಲಾರರು, ಅಪ್ಪ ಅಮ್ಮನಿಗೂ ಗೊತ್ತಿರುವುದಿಲ್ಲ. ಬದಲಿಗೆ ಮಗುವನ್ನು ಹೀಗೆ ಕೇಳಿ: “ಮೂರನೆಯ ವರ್ಷದ ಪರೀಕ್ಷೆ ಮುಗಿದ ವಾರ ನೀನು ಯಾವ ಅರ್ಜಿ ತುಂಬುತ್ತೀ?” ಲಾ ಸಿಇಟಿಯೋ, ಬ್ಯಾಂಕ್ ಪರೀಕ್ಷೆಯೋ, ಹೋಟೆಲಿನ ಟ್ರೇನಿಯೋ, ಎಂಎಯೋ ಎಂದು ಹೇಳಲು ಬಂದರೆ ಬಿಎಯೂ ಸರಿ, ಬಿವೋಕೂ ಸರಿ. ಉತ್ತರ ಆಮೇಲೆ ಬದಲಾದರೂ ತೊಂದರೆಯಿಲ್ಲ, ಯೋಚನೆ ಶುರುವಾಗಿದೆ ಎಂದಾಯಿತು. ಉತ್ತರವೇ ಹೊಳೆಯದಿದ್ದರೆ ಫೀಸು ಕಡಿಮೆ ಇರುವ, ಹೆಚ್ಚು ಕಡೆಗೆ ತಿರುಗಬಹುದಾದ ಎಯ್ಡೆಡ್ ಬಿಎ ಅಥವಾ ಬಿಕಾಂ ಸೇರಿಸಿ. ದುಬಾರಿ ಕೋರ್ಸು ಅನಿಶ್ಚಯಕ್ಕೆ ಮದ್ದಲ್ಲ.

ಇನ್ನೊಂದು ಪ್ರಶ್ನೆ ಅಪ್ಪ ಅಮ್ಮ ತಮ್ಮನ್ನೇ ಕೇಳಿಕೊಳ್ಳಬೇಕಾದದ್ದು: ನಾಲ್ಕನೆಯ ಮತ್ತು ಐದನೆಯ ವರ್ಷದ ಓದಿಗೆ ನಮ್ಮ ಹತ್ತಿರ ಎಷ್ಟು ಹಣವಿದೆ? ಆ ಮೊತ್ತವನ್ನು ಮೊದಲು ಬದಿಗಿಟ್ಟು, ಉಳಿದದ್ದರಲ್ಲಿ ಮೂರು ವರ್ಷದ ಡಿಗ್ರಿ ಆರಿಸಿ. ಎರಡನೆಯ ಮೆಟ್ಟಿಲಿಗೆ ಹಣ ಇಡಲು ಸಾಧ್ಯವೇ ಇಲ್ಲದ ಮನೆಯಲ್ಲಿ, ಮೂರನೆಯ ವರ್ಷಕ್ಕೇ ಸಂಬಳ ತರುವ ಒಳ್ಳೆಯ ವೃತ್ತಿ ಪದವಿ ಮೊದಲು ಬರಲಿ, ಬಿಎ ದೂರಶಿಕ್ಷಣದಲ್ಲಿ ಆಮೇಲೆ ಬರಲಿ. ಹಣ ಇಡಬಲ್ಲ ಮನೆಯಲ್ಲಿ ಬಿಎಗೆ ಹೆದರುವ ಕಾರಣವಿಲ್ಲ.